"ಬೋರ್ಡಿನ್ಯಾಗ ಇನ್ನೂ ನಿನ್ನಿ ರೇಟೇ ಐತಿ": ನೆಟ್‌ನಲ್ಲಿ ಹಂಚುವ ಡೇಟಾ ಎಲ್ಲಿ ನಿಂತಿದೆ ಎಂದು ಪತ್ತೆ ಹಚ್ಚುವ ಬಗೆ

ಭತ್ತದ ಧಾರಣೆ, ತುಂಗಭದ್ರಾ ಡ್ಯಾಮಿನ ನೀರಿನ ಮಟ್ಟ, ಎಡದಂಡೆ ನಾಲೆಗೆ ಬಿಟ್ಟ ಕ್ಯೂಸೆಕ್, ನಾಳೆಯ ಮಳೆ. ಇಂಥ ನಾಲ್ಕೈದು ಅಂಕಿಗಳನ್ನು ಒಂದು ಸರ್ವರ್‌ನಲ್ಲಿ ಕೂಡಿಸಿ, ಅಲ್ಲಿಂದ ಸಿಂಧನೂರಿನ ಗೊಬ್ಬರದಂಗಡಿಯ ರೇಟ್ ಬೋರ್ಡಿಗೆ, ಕಾರಟಗಿಯ ರೈಸ್ ಮಿಲ್ಲಿನ ಲೆಕ್ಕದ ಸಾಫ್ಟ್‌ವೇರಿಗೆ, ಸಿರುಗುಪ್ಪದ ರೈತರ ಮೊಬೈಲ್ ಆ್ಯಪಿಗೆ ಹಂಚುವುದು ಕೇಳಲು ಸಣ್ಣ ಕೆಲಸ. ಅದು ನಿಂತಾಗ ಎಲ್ಲಿ ನಿಂತಿತು ಎಂದು ಹುಡುಕುವುದೇ ದೊಡ್ಡದು. ಇದು ಅಂಥ ಫೀಡ್ (ಹೀಗೆ ಅಂಕಿ ಹಂಚುವ ಸಾಲು) ನಡೆಸುವವರಿಗೆ, ಅಂಗಡಿ ಅಂಗಡಿ ತಿರುಗಿ ಪೆಟ್ಟಿಗೆ (ಬೋರ್ಡ್ ನಡೆಸುವ ಸಣ್ಣ ಕಂಪ್ಯೂಟರ್) ನೋಡಿಕೊಳ್ಳುವ ಹುಡುಗರಿಗೆ ಬರೆದದ್ದು.

ಡೇಟಾ ನಾಲ್ಕು ಕೈ ದಾಟಿ ಬರುತ್ತದೆ: ಅಂಕಿ ಹುಟ್ಟುವ ಮೂಲ, ನಮ್ಮ ಸರ್ವರ್, ಹಂಚುವ ಪದರ (ಎಂಕ್ಯೂಟಿಟಿ ಎಂಬ ಪದ್ಧತಿಯಲ್ಲಿ ಮೆಸೇಜ್ ಪಡೆದು ಹಂಚುವ ಬ್ರೋಕರ್, ಅಥವಾ ಪ್ರತಿ ಇಟ್ಟುಕೊಂಡು ಹತ್ತಿರದಿಂದ ಕೊಡುವ ಸರ್ವರ್‌ಗಳ ಜಾಲವಾದ ಸಿಡಿಎನ್), ಕೊನೆಗೆ ಅಂಗಡಿಯ ಪೆಟ್ಟಿಗೆ ಅಥವಾ ಫೋನ್. ದೂರು ಮಾತ್ರ ಯಾವಾಗಲೂ ಕೊನೆಯ ತುದಿಯಿಂದಲೇ. ನಾಲೆಯ ಕೊನೆಭಾಗಕ್ಕೆ ನೀರು ಬರದಿದ್ದರೆ ರೈತ ಒಂದೊಂದೇ ತೂಬು ನೋಡುತ್ತ ಮೇಲಕ್ಕೆ ನಡೆಯುತ್ತಾನೆ, ಎದ್ದವನೇ ಡ್ಯಾಮಿಗೆ ಓಡುವುದಿಲ್ಲ. ಇಲ್ಲಿಯೂ ಹಾಗೇ ನಡೆಯಬೇಕು. ಫೋನ್ ಬಂದ ಕೂಡಲೇ ಸರ್ವರ್ ರೀಸ್ಟಾರ್ಟ್ ಮಾಡುವ ಚಟ ನಮ್ಮಲ್ಲಿ ಬಹಳ ಜನಕ್ಕಿದೆ. ಅದರಿಂದ ಒಬ್ಬನ ತೊಂದರೆ ಎಲ್ಲರ ತೊಂದರೆಯಾಗುತ್ತದೆ, ಮೇಲೆ ಇದ್ದ ಕುರುಹೂ ಅಳಿಸಿಹೋಗುತ್ತದೆ.

ಫೋನಿನಲ್ಲೇ ಎರಡು ಮಾತು ಕೇಳಿಬಿಡಿ: ನಿಮಗೊಬ್ಬರಿಗೋ, ಪಕ್ಕದವರಿಗೂ ಹೀಗೆಯೋ? ಯಾವಾಗಿನಿಂದ? ಇನ್ನು ಫೀಡ್ ನಡೆಸುವವರ ಕಡೆಯ ಒಂದು ಶಿಸ್ತು. ಪ್ರತಿ ಅಂಕಿಯ ಜೊತೆ ಮೂರು ಸಮಯ ಇರಲೇಬೇಕು: ಅಳೆದ ಸಮಯ, ಸರ್ವರ್ ಕಳಿಸಿದ ಸಮಯ, ಪೆಟ್ಟಿಗೆಗೆ ಮುಟ್ಟಿದ ಸಮಯ. ಇವು ಮೂರಿದ್ದರೆ ಮುಂದೆ ಹೇಳುವುದರಲ್ಲಿ ಅರ್ಧಕ್ಕರ್ಧ ಕುಳಿತಲ್ಲೇ ಗೊತ್ತಾಗುತ್ತದೆ. ಇಲ್ಲದಿದ್ದರೆ ಮೊದಲು ಅದನ್ನು ಸೇರಿಸಿ, ಬೋರ್ಡಿನ ಬಣ್ಣಬಣ್ಣದ ಡಿಸೈನ್ ಆಮೇಲೆ ನೋಡೋಣ.

## "ಏನೂ ಬರವಲ್ದ್ರಿ, ಬೋರ್ಡ್ ಖಾಲಿ ಐತಿ"

ಒಂದೇ ಅಂಗಡಿಯಿಂದ ಈ ಮಾತು ಬಂದರೆ ಕಾಸು ಖರ್ಚಾಗದ ಕಡೆಯಿಂದ ಶುರು ಮಾಡಿ. ಡಾಂಗಲ್‌ನ ಸಿಮ್‌ಗೆ ರೀಚಾರ್ಜ್ ಇದೆಯೇ? 28 ದಿನದ ಪ್ಯಾಕ್ ಹಾಕಿಸಿ ಒಂದು ತಿಂಗಳು ಎಂದುಕೊಂಡವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ದಿನದ ಕೋಟಾ ಮುಗಿದಿದ್ದರೆ ಬಹಳಷ್ಟು ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆಗ ಅಂಕಿಗಳು ತಡವಾಗಿಯಾದರೂ ಬರುತ್ತವೆ, ಚಿತ್ರ, ಜಾಹೀರಾತು ಬರುವುದಿಲ್ಲ. ಅಂಥ ಅರ್ಧಂಬರ್ಧ ಬೋರ್ಡ್ ಕಂಡರೆ ಅಂಗಡಿ ಹುಡುಗ ಅದೇ ಡಾಂಗಲ್‌ನಲ್ಲಿ ಕ್ರಿಕೆಟ್ ನೋಡಿದ್ದಾನೋ ಏನೋ ವಿಚಾರಿಸಿ.

ಫೈಬರ್ ಇದ್ದರೆ ಗೋಡೆಯ ಮೇಲಿನ ಡಬ್ಬಿಯ ದೀಪ ನೋಡಿ. ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿ ಮಿಟುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ, ಅಂದರೆ ಕೇಬಲ್ ಎಲ್ಲೋ ತುಂಡಾಗಿದೆ ಅಥವಾ ಮಡಿಚಿದೆ. ರಸ್ತೆ ಅಗೆಯುವ ಜೆಸಿಬಿ ಊರಲ್ಲಿ ಇದ್ದರೆ ಕಾರಣ ಬೇರೆ ಹುಡುಕಬೇಕಿಲ್ಲ. ಇಲ್ಲಿ ನಿಮ್ಮ ಕೆಲಸ ಮುಗಿಯಿತು, ಲೈನ್ ಕೊಟ್ಟವರಿಗೆ ಫೋನ್ ಮಾಡಿ. ಕಿತ್ತ ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು "ಲೈಟ್ ಬರ್ತದೇನು" ಎಂದು ನೋಡಬೇಡಿ. ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣದ ಲೇಸರ್.

ದೀಪ ಸರಿ ಇದ್ದರೆ ಹಾಟ್‌ಸ್ಪಾಟ್ ಪರೀಕ್ಷೆ. ನಿಮ್ಮ ಫೋನಿನ ಹಾಟ್‌ಸ್ಪಾಟಿಗೆ ಅಂಗಡಿಯ ವೈಫೈ ಹೆಸರು, ಪಾಸ್‌ವರ್ಡನ್ನೇ ಕೊಟ್ಟು, ಅಂಗಡಿಯ ರೂಟರ್ ಆಫ್ ಮಾಡಿ. ಪೆಟ್ಟಿಗೆ ತಾನಾಗಿ ನಿಮ್ಮ ಫೋನನ್ನು ಹಿಡಿಯುತ್ತದೆ. ರೇಟ್ ಬಂತೋ, ತಪ್ಪು ಅಂಗಡಿಯ ನೆಟ್‌ನದು. ಬರಲಿಲ್ಲವೋ, ಪೆಟ್ಟಿಗೆಯದು. ಎರಡು ನಿಮಿಷದ ಕೆಲಸ, ಆದರೆ ಇಷ್ಟು ಉಪಕಾರಿಯಾದ ಪರೀಕ್ಷೆ ಇನ್ನೊಂದು ನನಗೆ ಗೊತ್ತಿಲ್ಲ.

ಅಂಗಡಿಯ ನೆಟ್‌ನಲ್ಲಿ ಯೂಟ್ಯೂಬ್ ಓಡುತ್ತದೆ, ನಮ್ಮ ಫೀಡ್ ಮಾತ್ರ ಇಲ್ಲ ಎಂದರೆ ಡಿಎನ್‌ಎಸ್ (ಸರ್ವರ್‌ನ ಹೆಸರಿಗೆ ಅದರ ಅಂಕಿಯ ವಿಳಾಸ ಹೇಳುವ ವ್ಯವಸ್ಥೆ) ಮೇಲೆ ಅನುಮಾನ ಇಡಿ. ರೂಟರ್‌ನಲ್ಲಿ ಡಿಎನ್‌ಎಸ್ ವಿಳಾಸ 8.8.8.8 ಅಥವಾ 1.1.1.1 ಎಂದು ಬದಲಿಸಿ ನೋಡಿ. ಸರಿಹೋದರೆ ಹಳೆಯ ವಿಳಾಸ ಎಲ್ಲೋ ನೆನಪಿನಲ್ಲಿ ಉಳಿದಿತ್ತು ಎಂದರ್ಥ. ಸರ್ವರ್ ಬದಲಿಸಿದ ಮರುದಿನ ಇದು ತಪ್ಪಿದ್ದಲ್ಲ. ವಿಳಾಸವನ್ನು ಎಷ್ಟು ಹೊತ್ತು ನೆನಪಿಡಬೇಕೆಂದು ಹೇಳುವ ಟಿಟಿಎಲ್ 86,400 ಸೆಕೆಂಡ್ ಇಟ್ಟಿದ್ದರೆ ಹಳೆಯ ವಿಳಾಸ ಒಂದು ಇಡೀ ದಿನ ಜೀವ ಹಿಡಿದಿರುತ್ತದೆ. ಸರ್ವರ್ ಬದಲಿಸುವ ಎರಡು ದಿನ ಮೊದಲೇ ಅದನ್ನು 300ಕ್ಕೆ ಇಳಿಸಿಡಿ.

ಬ್ರಾಡ್‌ಬ್ಯಾಂಡ್‌ನಲ್ಲಿ ಬರುತ್ತದೆ, ಸಿಮ್‌ನಲ್ಲಿ ಬರುವುದಿಲ್ಲ ಎಂದರೆ ಐಪಿವಿ6 (ನೆಟ್‌ನ ಹೊಸ ಬಗೆಯ ವಿಳಾಸ) ಕಡೆ ನೋಡಿ. ನಮ್ಮ ಮೊಬೈಲ್ ನೆಟ್‌ವರ್ಕ್‌ಗಳು ಐಪಿವಿ6 ಅನ್ನೇ ಹೆಚ್ಚು ಬಳಸುತ್ತವೆ. ಸರ್ವರ್ ಹೆಸರಿಗೆ ಐಪಿವಿ6 ವಿಳಾಸ ಕೊಟ್ಟು, ಸರ್ವರ್ ಆ ವಿಳಾಸದಲ್ಲಿ ಕಿವಿಗೊಡದೇ ಇದ್ದರೆ ಹೀಗಾಗುತ್ತದೆ. ಇದಕ್ಕೆ ತಿರುಗುಮುರುಗಾಗಿ ಸಿಮ್‌ನಲ್ಲಿ ಬರುತ್ತದೆ, ಮಿಲ್ಲಿನ ಆಫೀಸಿನ ನೆಟ್‌ನಲ್ಲಿ ಬರುವುದಿಲ್ಲ ಎಂದರೆ ಅಲ್ಲಿಯ ಫೈರ್‌ವಾಲ್ (ನೆಟ್‌ನ ಕಾವಲುಗಾರ) ಎಂಕ್ಯೂಟಿಟಿ ಬಳಸುವ 1883ನೇ ಪೋರ್ಟ್, ಅಂದರೆ ಬಾಗಿಲು, ಮುಚ್ಚಿರಬಹುದು. ಅವರ ಫೈರ್‌ವಾಲ್ ತೆಗೆಸಲು ಜಗಳಕ್ಕೆ ಬೀಳಬೇಡಿ. ಫೀಡನ್ನು ವೆಬ್‌ಸೈಟ್‌ಗಳು ಬಳಸುವ 443ರ ಮೇಲೆ ವೆಬ್‌ಸಾಕೆಟ್ (ವೆಬ್ ಪುಟದ ದಾರಿಯಲ್ಲೇ ತೆರೆದಿಡುವ ಸಂಪರ್ಕ) ಮೂಲಕ ಕೊಡಿ, ಅದನ್ನು ಸಾಮಾನ್ಯವಾಗಿ ಯಾರೂ ಮುಚ್ಚುವುದಿಲ್ಲ.

ಪಿಂಗ್ (ಸರ್ವರ್ ಇದೆಯೇ ಎಂದು ಕೂಗಿ ನೋಡುವ ಪರೀಕ್ಷೆ) ಬರಲಿಲ್ಲ ಎಂದು ಸರ್ವರ್ ಸತ್ತಿದೆ ಎಂದು ಸಾರಬೇಡಿ. ಪಿಂಗ್‌ಗೆ ಉತ್ತರಿಸದ ಹಾಗೆ ಕಟ್ಟಿದ ಸರ್ವರ್‌ಗಳು ಬೇಕಾದಷ್ಟಿವೆ. ಬ್ರೌಸರ್‌ನಲ್ಲಿ ಫೀಡಿನ ವಿಳಾಸವನ್ನೇ ತೆರೆದು ನೋಡಿ.

## "ಅಂಕಿ ಅದಾವು, ಆದ್ರ ನಿನ್ನಿವು"

ಖಾಲಿ ಬೋರ್ಡಿಗಿಂತ ಇದು ಕೆಟ್ಟದ್ದು. ಖಾಲಿ ಬೋರ್ಡ್ ನೋಡಿದವನು ನಾಲ್ಕು ಕಡೆ ವಿಚಾರಿಸುತ್ತಾನೆ. ಹಳೆಯ ರೇಟ್ ನೋಡಿದವನು ನಂಬಿ ತುರ್ವಿಹಾಳದಿಂದ ಟ್ರ್ಯಾಕ್ಟರ್ ಹೇರಿಕೊಂಡು ಹೊರಟೇಬಿಡುತ್ತಾನೆ.

ಮೊದಲು ನಿಜವಾಗಿ ಹೊಸ ಅಂಕಿ ಇದೆಯೇ ಎಂದು ನೋಡಿ. ಭಾನುವಾರ, ಹಬ್ಬ, ಹಮಾಲರ ರಜೆ ಇದ್ದ ದಿನ ಮಾರುಕಟ್ಟೆಯೇ ಇಲ್ಲ, ರೇಟ್ ಎಲ್ಲಿಂದ ಬರಬೇಕು? ದಿನಕ್ಕೊಮ್ಮೆ ಪ್ರಕಟವಾಗುವ ಡ್ಯಾಮಿನ ಮಟ್ಟ ತಾಸಿಗೊಮ್ಮೆ ಯಾಕೆ ಬದಲಾಗುತ್ತಿಲ್ಲ ಎಂದು ಕೇಳುವವರೂ ಇದ್ದಾರೆ.

ಇಲ್ಲಿ ಮೂರು ಸಮಯಗಳು ಕೆಲಸಕ್ಕೆ ಬರುತ್ತವೆ. ಅಳೆದ ಸಮಯವೂ ಹಳೆಯದು, ಕಳಿಸಿದ ಸಮಯವೂ ಹಳೆಯದು ಎಂದರೆ ಸರ್ವರ್ ಕಳಿಸುವುದನ್ನೇ ನಿಲ್ಲಿಸಿದೆ, ಅಥವಾ ನಡುವೆ ಯಾರೋ ಹಳೆಯ ಪ್ರತಿಯನ್ನೇ ಕೊಡುತ್ತಿದ್ದಾರೆ. ಅಳೆದದ್ದು ಹಳೆಯದು, ಕಳಿಸಿದ್ದು ಈಗಿನದು ಎಂದರೆ ಸರ್ವರ್ ನಿಯತ್ತಾಗಿ ಹಳೆಯ ಅಂಕಿಯನ್ನೇ ಮತ್ತೆ ಮತ್ತೆ ಕಳಿಸುತ್ತಿದೆ. ಮೂಲದಿಂದ ತರುವ ಪ್ರೋಗ್ರಾಂ ಮುಗ್ಗರಿಸಿದೆ, ಮೂಲದವರು ಕಾಲಂ ಹೆಸರು ಬದಲಿಸಿರುತ್ತಾರೆ ಅಥವಾ ಎಪಿಐ ಕೀಲಿಯ (ಮೂಲದಿಂದ ಡೇಟಾ ಕೇಳಲು ಕೊಟ್ಟ ಗುಟ್ಟಿನ ಗುರುತು) ಅವಧಿ ಮುಗಿದಿರುತ್ತದೆ. ಕಳಿಸಿದ್ದು ಈಗಿನದೇ, ಆದರೆ ಮುಟ್ಟಿದ್ದು ನಿನ್ನೆಯ ದಿನಾಂಕ ತೋರಿಸುತ್ತಿದೆ ಎಂದರೆ ಪೆಟ್ಟಿಗೆಯ ಗಡಿಯಾರ ತಪ್ಪಿದೆ. ಅದಕ್ಕೆ ಮುಂದಿನ ವಿಭಾಗವಿದೆ.

ನಡುವಿನ ಹಳೆಯ ಪ್ರತಿ ಎಂದರೆ ಕ್ಯಾಶ್. ಬ್ರೌಸರ್ ಒಂದು ಪ್ರತಿ ಇಟ್ಟುಕೊಳ್ಳುತ್ತದೆ, ಸಿಡಿಎನ್ ಇನ್ನೊಂದು. ಪತ್ತೆ ಸುಲಭ. ಫೀಡಿನ ವಿಳಾಸದ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅದರ ಮುಂದೆ ಬಾಯಿಗೆ ಬಂದ ಅಂಕಿ ಬರೆದು ತೆರೆಯಿರಿ. ಕ್ಯಾಶ್‌ಗೆ ಅದು ಹೊಸ ವಿಳಾಸದಂತೆ ಕಾಣುತ್ತದೆ, ಸೀದಾ ಸರ್ವರ್‌ಗೆ ಹೋಗುತ್ತದೆ. ಹೀಗೆ ತೆರೆದಾಗ ಹೊಸ ಅಂಕಿ, ಹಾಗೇ ತೆರೆದಾಗ ಹಳೆಯದು ಬಂದರೆ ಕಳ್ಳ ಸಿಕ್ಕಿದ. ಪ್ರಶ್ನಾರ್ಥಕದ ನಂತರದ್ದನ್ನು ಲೆಕ್ಕಕ್ಕೆ ಹಿಡಿಯದ ಸಿಡಿಎನ್ ಸೆಟ್ಟಿಂಗ್ ಕೂಡ ಇರುತ್ತದೆ. ಆಗ ಉತ್ತರದ ಜೊತೆ ಬರುವ ಏಜ್ ಎಂಬ ಹೆಡರ್ (ಉತ್ತರದ ತಲೆಯಲ್ಲಿ ಬರುವ ಮಾಹಿತಿಯ ಸಾಲು) ನೋಡಿ, ಆ ಪ್ರತಿ ಎಷ್ಟು ಸೆಕೆಂಡಿನಿಂದ ಕ್ಯಾಶ್‌ನಲ್ಲಿದೆ ಎಂದು ಅದೇ ಹೇಳುತ್ತದೆ. ಅಲ್ಲಿ 70,000 ಇದ್ದರೆ ಪ್ರತಿಗೆ 19 ತಾಸು ದಾಟಿದೆ. ಪ್ರತಿಯನ್ನು ಎಷ್ಟು ಹೊತ್ತು ಇಡಬಹುದೆಂದು ಸರ್ವರ್ ಹೇಳುವ ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ ಮ್ಯಾಕ್ಸ್-ಏಜ್ ಅನ್ನು ರೇಟಿಗೆ 60 ಸೆಕೆಂಡ್, ಲೋಗೋ ಚಿತ್ರಕ್ಕೆ ಒಂದು ದಿನ ಎಂದು ಬೇರೆ ಬೇರೆ ಇಡುವುದೇ ಶಾಶ್ವತ ಮದ್ದು. 304 ಎಂಬ ಉತ್ತರ ಕಂಡು ಗಾಬರಿ ಬೇಡ. "ನಿನ್ನ ಹತ್ತಿರ ಇರುವುದೇ ಸರಿ, ಬದಲಾಗಿಲ್ಲ" ಎಂದಷ್ಟೇ ಅದರ ಅರ್ಥ.

ಎಂಕ್ಯೂಟಿಟಿಯಲ್ಲಿ ಇದೇ ಕಾಟ ಇನ್ನೊಂದು ವೇಷದಲ್ಲಿ ಬರುತ್ತದೆ. ರಿಟೇನ್ ಗುರುತು ಹಾಕಿ ಕಳಿಸಿದ ಮೆಸೇಜನ್ನು ಬ್ರೋಕರ್ ಇಟ್ಟುಕೊಂಡು, ಹೊಸದಾಗಿ ಸೇರಿದ ಪ್ರತಿ ಪೆಟ್ಟಿಗೆಗೂ ಮೊದಲು ಅದನ್ನೇ ಕೊಡುತ್ತದೆ. ಬೋರ್ಡ್ ಆನ್ ಆದ ಕೂಡಲೇ ಖಾಲಿ ಕಾಣಬಾರದು ಎಂದು ಮಾಡಿದ ಒಳ್ಳೆಯ ಸೌಲಭ್ಯ ಇದು. ಆದರೆ ನೀವು ವಿಷಯದ (ಟಾಪಿಕ್, ಅಂದರೆ ಮೆಸೇಜ್ ಯಾವ ಹೆಸರಿನಡಿ ಹೋಗುತ್ತದೋ ಅದು) ಹೆಸರು ಬದಲಿಸಿದ ಮೇಲೂ ಹಳೆಯ ಹೆಸರಿನಡಿ ಆರು ತಿಂಗಳ ಹಿಂದಿನ ರೇಟ್ ಕುಳಿತೇ ಇರುತ್ತದೆ. ಆ ಹೆಸರಿಗೆ ರಿಟೇನ್ ಗುರುತಿನ ಖಾಲಿ ಮೆಸೇಜ್ ಒಂದನ್ನು ಕಳಿಸಿದರೆ ಅಳಿಸಿಹೋಗುತ್ತದೆ.

ಇದೆಲ್ಲ ಸರಿ ಇದ್ದೂ ಅಂಕಿ ಹಳೆಯದೇ ಎಂದರೆ ಬೋರ್ಡಿನ ಪುಟವೇ ಹೆಪ್ಪುಗಟ್ಟಿದೆ. ಟಿವಿ ಬ್ರೌಸರ್‌ಗಳಲ್ಲಿ ಸಂಪರ್ಕ ಕಡಿದು ಹೋದರೂ ಪುಟ ಹಾಗೇ ನಿಂತಿರುತ್ತದೆ, ಮೇಲಿನ ಗಡಿಯಾರ ಮಾತ್ರ ಟಿಕ್ ಟಿಕ್ ಓಡುತ್ತಿರುತ್ತದೆ. ಆ ಗಡಿಯಾರ ನೋಡಿ ಜನ ಮೋಸಹೋಗುತ್ತಾರೆ. ನಾನಾದರೆ ಅದನ್ನು ತೆಗೆದು ಆ ಜಾಗದಲ್ಲಿ ಅಳೆದ ಸಮಯ ಹಾಕಿಸುತ್ತೇನೆ. ನಿಗದಿತ ಅವಧಿ ಮೀರಿದ ಅಂಕಿ ತಾನಾಗಿ ಅಳಿಸಿ "ಮಾಹಿತಿ ಇಲ್ಲ" ಎಂದು ಬರಬೇಕು. ಅಂಗಡಿಯವರು ಇದಕ್ಕೆ ಒಪ್ಪುವುದು ಕಷ್ಟ, "ಏನಾರ ಒಂದ್ ತೋರ್ಸ್ರಿ" ಎನ್ನುತ್ತಾರೆ. ಒಪ್ಪಿಸಿ.

## ಕರೆಂಟ್ ಹೋಗಿ ಬಂದ ಮೇಲೆ "ಸರ್ಟಿಫಿಕೇಟ್ ಎರರ್"

ಸರ್ವರ್ ಅಸಲಿ ಎಂದು ತೋರಿಸುವ ಗುರುತಿನ ಪತ್ರವೇ ಸರ್ಟಿಫಿಕೇಟ್. ಸಂಪರ್ಕ ಸುರಕ್ಷಿತವಲ್ಲ, ಸರ್ಟಿಫಿಕೇಟ್ ಚಾಲ್ತಿಯಲ್ಲಿಲ್ಲ ಎಂಬ ಸಾಲು ಒಂದೇ ಅಂಗಡಿಯಲ್ಲಿ, ಅದೂ ಕರೆಂಟ್ ಹೋಗಿ ಬಂದ ಮೇಲೆ ಕಂಡರೆ ಪೆಟ್ಟಿಗೆಯ ದಿನಾಂಕ ನೋಡಿ. ಪೆಟ್ಟಿಗೆಯಾಗಿ ಬಳಸುವ ಸಣ್ಣ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ. ಕರೆಂಟ್ ಹೋದಾಗ ಕೊನೆಗೆ ಬರೆದಿಟ್ಟ ಸಮಯದಿಂದಲೇ ಅವು ಮತ್ತೆ ಎಣಿಸಲು ಶುರು ಮಾಡುತ್ತವೆ, ಆಮೇಲೆ ನೆಟ್‌ನಿಂದ ಸರಿಯಾದ ಸಮಯ ಕೇಳಿ ತಿದ್ದಿಕೊಳ್ಳುತ್ತವೆ. ಮೂರು ದಿನ ಬಂದ್ ಇದ್ದ ಅಂಗಡಿಯಲ್ಲಿ ಅದಕ್ಕೆ ಇನ್ನೂ ಮೂರು ದಿನ ಹಿಂದಿನ ತಾರೀಖು. ಅಷ್ಟರಲ್ಲಿ ಸರ್ವರ್ ಹೊಸ ಸರ್ಟಿಫಿಕೇಟ್ ಪಡೆದಿದ್ದರೆ, ಪೆಟ್ಟಿಗೆಯ ಲೆಕ್ಕದಲ್ಲಿ ಅದು ಇನ್ನೂ ಹುಟ್ಟೇ ಇಲ್ಲ. ಒಪ್ಪುವುದಾದರೂ ಹೇಗೆ?

ಕಂಪ್ಯೂಟರ್ ಆದರೆ ಮದರ್‌ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಸತ್ತಿರುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುವ ಅಗ್ಗದ ಸಾಮಾನು, ಪ್ಲಗ್ ಕಿತ್ತು ಬದಲಿಸಿ. ಚಿಕ್ಕ ಮಕ್ಕಳ ಕೈಗೆ ಹಳೆಯ ಸೆಲ್ ಸಿಗದಂತೆ ನೋಡಿಕೊಳ್ಳಿ, ನುಂಗಿದರೆ ಒಳಗೇ ಸುಡುತ್ತದೆ, ತಡಮಾಡದೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಪೈಗಾದರೆ ಹೊರಗಿನಿಂದ ಒಂದು ಗಡಿಯಾರದ ಮಾಡ್ಯೂಲ್ ಸೇರಿಸಬಹುದು. ಸಮಯ ತಾನಾಗಿ ಸರಿಹೋಗುತ್ತಲೇ ಇಲ್ಲ ಎಂದರೆ ನೆಟ್‌ನಿಂದ ಸಮಯ ತರುವ ಎನ್‌ಟಿಪಿಯ 123ನೇ ಯುಡಿಪಿ ಪೋರ್ಟ್ ಮುಚ್ಚಿರಬಹುದು.

ಎಲ್ಲ ಅಂಗಡಿಗಳಲ್ಲೂ ಒಂದೇ ದಿನ ಈ ಎರರ್ ಬಂದರೆ ತಪ್ಪು ನಿಮ್ಮ ಸರ್ವರ್‌ನದು. ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟಿಗೆ ಸಾಮಾನ್ಯ ಆಯಸ್ಸು 90 ದಿನ. ಹೊಸದು ತಾನಾಗಿ ಬಂದು ಡಿಸ್ಕಿನಲ್ಲಿ ಕುಳಿತಿರುತ್ತದೆ, ಬ್ರೋಕರ್ ಮಾತ್ರ ಹಳೆಯದನ್ನೇ ಹಿಡಿದು ಓಡುತ್ತಿರುತ್ತದೆ. ರೀಲೋಡ್ ಮಾಡಿದರೆ ಸಾಕು.

ಒಂದು ಎಚ್ಚರಿಕೆ. "ಸರ್ಟಿಫಿಕೇಟ್ ಪರೀಕ್ಷೆ ಆಫ್ ಮಾಡು" ಎಂಬ ಆಯ್ಕೆ ಬಹಳಷ್ಟು ಸಾಫ್ಟ್‌ವೇರ್‌ನಲ್ಲಿ ಇರುತ್ತದೆ, ಒತ್ತಿದರೆ ಎರರ್ ಮಾಯ. ಆಮೇಲೆ ಯಾರು ಬೇಕಾದರೂ ನಡುವೆ ನಿಂತು ಬೋರ್ಡಿಗೆ ತಮ್ಮ ರೇಟ್ ಕಳಿಸಬಹುದು. ವ್ಯಾಪಾರದ ಅಂಕಿ ಹಂಚುವ ಕಡೆ ಆ ಗುಂಡಿಯನ್ನು ಪರೀಕ್ಷೆಗೆಂದೂ ಮುಟ್ಟಬೇಡಿ.

## "ಬರ್ತದ, ಹೋಗ್ತದ, ಮತ್ತ ಬರ್ತದ"

ಸಂಪರ್ಕ ಹಿಡಿದು ಬಿಡುವ ಕಾಯಿಲೆಗೆ ನಾಲ್ಕು ಮುಖ್ಯ ಕಾರಣ. ಯಾವುದೆಂದು ಹೇಳುವುದು ಅದರ ಲಯ. ಎಷ್ಟು ಹೊತ್ತಿಗೊಮ್ಮೆ ಹೋಗುತ್ತದೆ ಎಂದು ಮೊದಲು ಗಮನಿಸಿ.

ಕೆಲವೇ ಸೆಕೆಂಡಿಗೊಮ್ಮೆ, ಗಡಿಯಾರ ಇಟ್ಟಂತೆ ಹೋಗಿ ಬರುತ್ತಿದ್ದರೆ ಎರಡು ಪೆಟ್ಟಿಗೆಗಳಿಗೆ ಒಂದೇ ಕ್ಲೈಂಟ್ ಐಡಿ (ಪೆಟ್ಟಿಗೆ ಬ್ರೋಕರ್‌ಗೆ ಹೇಳುವ ತನ್ನ ಹೆಸರು) ಇದೆ. ಎಂಕ್ಯೂಟಿಟಿ ನಿಯಮದ ಪ್ರಕಾರ ಒಂದು ಹೆಸರಿಗೆ ಒಂದೇ ಸಂಪರ್ಕ, ಅದೇ ಹೆಸರಿನ ಹೊಸಬ ಬಂದರೆ ಹಳಬನನ್ನು ಬ್ರೋಕರ್ ಹೊರಹಾಕಬೇಕು. ಹೊರಬಿದ್ದವನು ಮತ್ತೆ ನುಗ್ಗುತ್ತಾನೆ, ಒಳಗಿದ್ದವನು ಹೊರಬೀಳುತ್ತಾನೆ. ಮಾನ್ವಿಯ ಪೆಟ್ಟಿಗೆಯ ಮೆಮೊರಿ ಕಾರ್ಡನ್ನು ಹಾಗೇ ನಕಲು ಮಾಡಿ ಕವಿತಾಳದ ಪೆಟ್ಟಿಗೆಗೆ ಹಾಕಿದರೆ ಇದೇ ಗತಿ. ಮೋಜೆಂದರೆ ದೂರು ಎರಡೂ ಊರಿನಿಂದ ಬರುತ್ತದೆ, ಎರಡಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ, ಎರಡೂ ಕಡೆ ರೂಟರ್ ಬದಲಾಗಿರುತ್ತದೆ. ಒಂದನ್ನು ಆಫ್ ಮಾಡಿಸಿ ನೋಡಿ, ಇನ್ನೊಂದು ಗಟ್ಟಿಯಾಗಿ ನಿಂತರೆ ಇದೇ. ಬ್ರೋಕರ್‌ನ ಲಾಗ್‌ನಲ್ಲೂ ಈ ಹೆಸರಿನ ಕ್ಲೈಂಟ್ ಆಗಲೇ ಇದೆ, ಹಳೆಯ ಸಂಪರ್ಕ ಮುಚ್ಚುತ್ತಿದ್ದೇನೆ ಎಂಬ ಅರ್ಥದ ಸಾಲು ಸಿಗುತ್ತದೆ. ಐಡಿಯನ್ನು ಕೈಯಿಂದ ಬರೆಯುವ ಬದಲು ಪೆಟ್ಟಿಗೆಯ ಸೀರಿಯಲ್ ನಂಬರಿನಿಂದ ತಾನಾಗಿ ಮಾಡಿಕೊಳ್ಳುವಂತೆ ಬರೆದರೆ ಈ ಕಾಟ ಜನ್ಮಕ್ಕೆ ಬರುವುದಿಲ್ಲ.

ಬಹಳ ಹೊತ್ತು ಸುಮ್ಮನಿದ್ದ ಮೇಲೆ ಮೊದಲ ಮೆಸೇಜ್ ಕಳೆದುಹೋಗುತ್ತದೆ ಎಂದರೆ ಕೀಪ್-ಅಲೈವ್ ಕಡೆ ನೋಡಿ. ಮಾತಿಲ್ಲದೆ ಸುಮ್ಮನೆ ಹಿಡಿದ ಸಂಪರ್ಕವನ್ನು ಮೊಬೈಲ್ ನೆಟ್‌ವರ್ಕ್ ಹೇಳದೆ ಕೇಳದೆ ಮರೆತುಬಿಡುತ್ತದೆ. ಪೆಟ್ಟಿಗೆಗೂ ಗೊತ್ತಿಲ್ಲ, ಬ್ರೋಕರ್‌ಗೂ ಗೊತ್ತಿಲ್ಲ. ಕೀಪ್-ಅಲೈವ್ 60 ಸೆಕೆಂಡ್ ಇಟ್ಟರೆ ಪೆಟ್ಟಿಗೆ ಆಗಾಗ ಸದ್ದು ಮಾಡುತ್ತಿರುತ್ತದೆ. ಅದರ ಒಂದೂವರೆಪಟ್ಟು, ಅಂದರೆ 90 ಸೆಕೆಂಡ್ ಸದ್ದಿಲ್ಲದಿದ್ದರೆ ಬ್ರೋಕರ್ ಅದು ಹೋಯಿತೆಂದು ತಿಳಿದು ಸಂಪರ್ಕ ಮುಚ್ಚುತ್ತದೆ.

ಬೆಳಿಗ್ಗೆ ಸರಿ, ಸಂಜೆ ಸರಿ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾತ್ರ ಸಾಯುತ್ತದೆ. ರಾಯಚೂರಿನ ಬೇಸಿಗೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗೇ 40 ಡಿಗ್ರಿ ದಾಟಿದ ದಿನ, ತಗಡಿನ ಶೀಟಿನ ಕೆಳಗೆ, ಬಿಸಿ ಕಾರುವ ಎಲ್‌ಇಡಿ ಬೋರ್ಡಿನ ಬೆನ್ನಿಗೆ ಪೆಟ್ಟಿಗೆ ಅಂಟಿಸಿದರೆ ಅದರ ಗತಿ ಏನು? ಪೈ 80 ಡಿಗ್ರಿ ಮುಟ್ಟುತ್ತಲೇ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಡಾಂಗಲ್ ಅದಕ್ಕೂ ಮೊದಲೇ ಕೈ ಎತ್ತುತ್ತದೆ. ಪೆಟ್ಟಿಗೆಯನ್ನು ಬೋರ್ಡಿನಿಂದ ಬಿಡಿಸಿ ಗಾಳಿಯಾಡುವ ನೆರಳಿಗೆ ತನ್ನಿ, ಡಾಂಗಲ್‌ಗೆ ಒಂದು ಮೊಳದ ಯುಎಸ್‌ಬಿ ವೈರ್ ಹಾಕಿ ದೂರ ಇಡಿ. ಹೊಸ ಸಾಮಾನು ತರಿಸುವ ಮುಂಚೆ ಇಷ್ಟು ಮಾಡಿ.

ಲಯವೇ ಇಲ್ಲ, ಮನಸ್ಸು ಬಂದಾಗ ಹೋಗುತ್ತದೆ ಎಂದರೆ ಅಡಾಪ್ಟರ್. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಬೇಕು. ಅಂಗಡಿಯವರು ಮೂಲ ಅಡಾಪ್ಟರ್ ಕೆಟ್ಟಾಗ ಹಳೆಯ ಮೊಬೈಲ್ ಚಾರ್ಜರ್ ಸಿಕ್ಕಿಸಿರುತ್ತಾರೆ. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಮಿಟುಕಿದರೆ ವೋಲ್ಟೇಜ್ ಸಾಲುತ್ತಿಲ್ಲ.

## ಒಂದೇ ಮೆಸೇಜ್ ಎರಡೆರಡು ಸಲ

ಇದು ದೋಷವೇ ಅಲ್ಲ, ಕೊಟ್ಟ ಮಾತಿನ ಪ್ರಕಾರವೇ ನಡೆಯುವುದು. ಎಂಕ್ಯೂಟಿಟಿಯಲ್ಲಿ ಮುಟ್ಟಿಸುವ ಖಾತರಿಯ ಮಟ್ಟ ಕ್ಯೂಒಎಸ್ 1 ಎಂದರೆ "ಒಮ್ಮೆಯಾದರೂ ಮುಟ್ಟಿಸುತ್ತೇನೆ" ಎಂದು, ಒಮ್ಮೆ ಮಾತ್ರ ಎಂದಲ್ಲ. ಮುಟ್ಟಿತು ಎಂಬ ಉತ್ತರ ದಾರಿಯಲ್ಲಿ ಕಳೆದರೆ ಮತ್ತೆ ಕಳಿಸುತ್ತದೆ. ಹೊಸ ಡೇಟಾ ಬಂದಾಗ ತಾನಾಗಿ ಕಳಿಸುವ ವೆಬ್‌ಹುಕ್ ಕೂಡ ಹೀಗೆಯೇ: ಮಿಲ್ಲಿನ ಸಾಫ್ಟ್‌ವೇರ್ 200 (ಸರಿ, ಸಿಕ್ಕಿತು) ಎಂದು ಬೇಗ ಉತ್ತರಿಸದಿದ್ದರೆ ಕಳಿಸುವವರು ಮತ್ತೆ ಪ್ರಯತ್ನಿಸುತ್ತಾರೆ. ರೇಟ್ ಬೋರ್ಡಿಗೆ ಇದರಿಂದ ನಷ್ಟವಿಲ್ಲ. ಲಾರಿಯ ತೂಕ, ಹಣದ ಪಾವತಿ ಇಂಥವು ಎರಡು ಸಲ ಜಮೆಯಾದರೆ ಜಗಳ. ಪ್ರತಿ ಮೆಸೇಜಿಗೆ ಒಂದು ಸಂಖ್ಯೆ ಕೊಡಿ, ಪಡೆಯುವವರು ಆ ಸಂಖ್ಯೆ ಕಂಡಿದ್ದರೆ ಬಿಟ್ಟುಬಿಡಲಿ. ಉತ್ತರ ಮೊದಲು, ಲೆಕ್ಕ ಬರೆಯುವುದು ಆಮೇಲೆ.

## "ಇದೇನ್ರಿ ಸರ್, ಭತ್ತ ಒಮ್ಮಿಗೆ ಇಷ್ಟ್ ಇಳೀತಾ?"

ನೆಟ್ ಸರಿ, ಸರ್ವರ್ ಸರಿ, ಅಂಕಿ ಮಾತ್ರ ಹುಚ್ಚು. ಇಲ್ಲಿ ತಂತ್ರಜ್ಞಾನಕ್ಕಿಂತ ಊರಿನ ಲೆಕ್ಕ ಗೊತ್ತಿರುವವರು ಬೇಗ ಗೆಲ್ಲುತ್ತಾರೆ.

ಸರ್ಕಾರಿ ಧಾರಣೆ ಕ್ವಿಂಟಲ್‌ಗೆ, ನಮ್ಮ ಕಡೆ ಭತ್ತದ ವ್ಯಾಪಾರದ ಮಾತು 75 ಕೆಜಿ ಚೀಲಕ್ಕೆ. ಎರಡೂ ಮೂಲದಿಂದ ಅಂಕಿ ತರುವ ಫೀಡಿನಲ್ಲಿ ಇವು ಬೆರೆತರೆ ರೇಟ್ ಕಾಲು ಭಾಗ ಬಿದ್ದಂತೆ ಅಥವಾ ಮೂರನೇ ಒಂದು ಭಾಗ ಏರಿದಂತೆ ಕಾಣುತ್ತದೆ. ಕ್ವಿಂಟಲ್‌ಗೆ 2,400 ಎಂದರೆ ಚೀಲಕ್ಕೆ 1,800. 2025-26ರ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ, ಚೀಲದ ಲೆಕ್ಕದಲ್ಲಿ 1,777ರ ಹತ್ತಿರ. ಹೊಸ ರೇಟ್ ಹಳೆಯದರ ಸರಿಯಾಗಿ ಮುಕ್ಕಾಲು ಇದ್ದರೆ ಮಾರುಕಟ್ಟೆ ಬಿದ್ದಿಲ್ಲ, ಅಳತೆ ಬದಲಾಗಿದೆ. ಫೀಡಿನಲ್ಲಿ ಅಂಕಿಯ ಪಕ್ಕದಲ್ಲೇ ಅಳತೆಯ ಹೆಸರೂ ಹೋಗಲಿ.

ಡ್ಯಾಮಿನ ಅಂಕಿಗೂ ಹೀಗೆ ಒಂದು ಬೇಲಿ ಹಾಕಬಹುದು. ತುಂಗಭದ್ರೆಯ ಪೂರ್ಣ ಮಟ್ಟ 1,633 ಅಡಿ, ಈಗಿನ ಸಂಗ್ರಹ ಸಾಮರ್ಥ್ಯ 105.788 ಟಿಎಂಸಿ. ಮಟ್ಟದ ಜಾಗದಲ್ಲಿ 98 ಎಂದೋ, ಸಂಗ್ರಹದ ಜಾಗದಲ್ಲಿ 1,630 ಎಂದೋ ಬಂದರೆ ಕಾಲಂ ಅದಲುಬದಲು. ಇನ್ನೂ ನವಿರಾದ ಪರೀಕ್ಷೆ ಹರಿವಿನದು. 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಒಳಹರಿವು ಹೊರಹರಿವಿಗಿಂತ ಅಷ್ಟು ಹೆಚ್ಚಿದ್ದ ದಿನ ಸಂಗ್ರಹ ಸುಮಾರು ಒಂದು ಟಿಎಂಸಿ ಏರಬೇಕು. ಹತ್ತು ಏರಿದರೆ ಎಲ್ಲೋ ಒಂದು ಸೊನ್ನೆ ಅಥವಾ ಚುಕ್ಕಿ ತಪ್ಪಿದೆ. ಸರ್ವರ್‌ನಲ್ಲೇ ಈ ತಾಳೆ ನೋಡಿ, ಹೊಂದದ ಅಂಕಿಯನ್ನು ತಡೆದು ನಿಮಗೆ ಎಸ್‌ಎಂಎಸ್ ಬರುವಂತೆ ಮಾಡಿ.

ರೇಟ್ ಬರೀ "2" ಎಂದು ಬಂದರೆ ಅಲ್ಪವಿರಾಮದ ಕಿತಾಪತಿ. ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸುವ ಸಿಎಸ್‌ವಿ ಕಡತದಲ್ಲಿ 2,369 ಎಂದು ಬರೆದರೆ 2 ಒಂದು ಕಾಲಂ, 369 ಇನ್ನೊಂದು. ಕಳಿಸುವಾಗ ಅಲ್ಪವಿರಾಮ ಬೇಡ, ತೋರಿಸುವಾಗ ಹಾಕಿಕೊಳ್ಳಲಿ.

ಸಮಯ ಐದೂವರೆ ತಾಸು ಹಿಂದೆ ಕಂಡರೆ, ಅಂದರೆ ಬೆಳಿಗ್ಗೆ 9ರ ಅಂಕಿಗೆ ನಸುಕಿನ 3:30 ಎಂದಿದ್ದರೆ, ಸರ್ವರ್ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಕಳಿಸಿದ್ದನ್ನು ಬೋರ್ಡ್ ನಮ್ಮ ಸಮಯಕ್ಕೆ ತಿರುಗಿಸಿಲ್ಲ. ಬೆಳಗಿನ ಐದೂವರೆಯೊಳಗಿನ ಅಂಕಿಗಳು ಹಿಂದಿನ ದಿನದ ತಾರೀಖಿಗೆ ಬೀಳುವುದೂ ಇದರಿಂದಲೇ. ತಾರೀಖು 1970ರ ಜನವರಿ ಎಂದು ಬಂದರೆ ಸೆಕೆಂಡಿನಲ್ಲಿ ಕಳಿಸಿದ್ದನ್ನು ಮಿಲಿಸೆಕೆಂಡ್ ಎಂದು ಓದಲಾಗಿದೆ.

## ಕನ್ನಡದ ಬದಲು ಡಬ್ಬಿ, ಪ್ರಶ್ನೆ ಗುರುತು

ಬರೀ ಚೌಕ ಡಬ್ಬಿ ಎಂದರೆ ಬೋರ್ಡಿನಲ್ಲಿ ಕನ್ನಡ ಫಾಂಟ್ ಇಲ್ಲ, ಡೇಟಾ ಸರಿ ಇದೆ. ಸಾಲುಸಾಲು ಪ್ರಶ್ನಾರ್ಥಕ ಎಂದರೆ ದಾರಿಯಲ್ಲೇ ಅಕ್ಷರ ಸತ್ತಿದೆ, ಡೇಟಾಬೇಸ್ ಎಲ್ಲ ಭಾಷೆಯ ಅಕ್ಷರ ಹಿಡಿಯುವ ಯುಟಿಎಫ್-8ರಲ್ಲಿಲ್ಲ. ಹಾಗೆ ಹೋದ ಅಕ್ಷರ ಮರಳಿ ಬರುವುದಿಲ್ಲ, ಮೂಲದಿಂದ ಮತ್ತೆ ತರಬೇಕು. ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಸಂತೆ ಕಂಡರೆ ಯಾರೋ ನುಡಿ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದ್ದಾರೆ, ಯೂನಿಕೋಡ್‌ಗೆ ಪರಿವರ್ತಿಸಿ. ಎಸ್‌ಎಂಎಸ್‌ನಲ್ಲಿ ಊರಿನ ಹೆಸರು ಅರ್ಧಕ್ಕೆ ತುಂಡಾದರೆ ನೆನಪಿಡಿ: ಇಂಗ್ಲಿಷ್‌ನಲ್ಲಿ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ, ಒತ್ತು, ಗುಣಿತದ ಚಿಹ್ನೆಗಳೂ ಆ ಲೆಕ್ಕದಲ್ಲೇ.

## ಎಲ್ಲ ಊರಿನಿಂದ ಒಮ್ಮೆಗೇ ಫೋನ್

ಈಗ ಸರ್ವರ್ ಕಡೆ ಹೋಗಬಹುದು. ವೆಬ್ ಸರ್ವರ್‌ಗಳು ಕೊಡುವ ಉತ್ತರದ ಸಂಖ್ಯೆ ಓದಿದರೆ ದಾರಿ ಸಿಗುತ್ತದೆ. 401, 403 ಎಂದರೆ ಕೀಲಿಯ ತಕರಾರು. 404 ಎಂದರೆ ವಿಳಾಸ ಬದಲಾಗಿದೆ. 429 ಎಂದರೆ ನೀವೇ ಮೂಲವನ್ನು ಅತಿಯಾಗಿ ಕೇಳುತ್ತಿದ್ದೀರಿ, ಎಷ್ಟು ಹೊತ್ತು ತಡೆಯಬೇಕೆಂದು ಉತ್ತರದಲ್ಲೇ ಹೇಳಿರಬಹುದು, ಅಷ್ಟು ತಡೆಯಿರಿ. 502 ಎಂದರೆ ಬಾಗಿಲಲ್ಲಿ ನಿಂತ ಸರ್ವರ್ ಇದೆ, ಒಳಗಿನ ಪ್ರೋಗ್ರಾಂ ಬಿದ್ದಿದೆ. 504 ಎಂದರೆ ಒಳಗಿನದು ಉಸಿರಾಡುತ್ತಿದ್ದರೂ ಉತ್ತರ ಕೊಡುವಷ್ಟು ಚುರುಕಿಲ್ಲ.

ರೀಸ್ಟಾರ್ಟಿಗೆ ಮುಂಚೆ ಡಿಸ್ಕ್ ತುಂಬಿದೆಯೇ ನೋಡಿ. ಲಾಗ್ ಕಡತಗಳು ಸದ್ದಿಲ್ಲದೆ ಬೆಳೆದು ಜಾಗ ಮುಗಿಸಿರುತ್ತವೆ, ಆಗ ಬರೆಯುವುದೆಲ್ಲ ನಿಂತು ಓದುವುದು ಮಾತ್ರ ನಡೆಯುತ್ತದೆ.

ಎಲ್ಲ ಪೆಟ್ಟಿಗೆಗಳೂ ತಾಸಿನ ಸರಿಯಾದ ಹೊಡೆತಕ್ಕೆ ಒಟ್ಟಿಗೆ ಕೇಳುವಂತೆ ಇಟ್ಟಿದ್ದರೆ, ಪ್ರತಿ ತಾಸಿನ ಮೊದಲ ನಿಮಿಷ ಮಾತ್ರ ಸರ್ವರ್ ಏದುಸಿರು ಬಿಡುತ್ತದೆ. ಪ್ರತಿ ಪೆಟ್ಟಿಗೆಯೂ ಮನಬಂದಷ್ಟು ಸೆಕೆಂಡ್ ತಡೆದು ಕೇಳುವಂತೆ ಮಾಡಿ. ಇಡೀ ತಾಲ್ಲೂಕಿಗೆ ಕರೆಂಟ್ ಮರಳಿದಾಗಲೂ ಇದೇ ನುಗ್ಗಾಟ. ಮೊದಲ ಪ್ರಯತ್ನ ಸೋತರೆ ಎರಡು, ನಾಲ್ಕು, ಎಂಟು ಸೆಕೆಂಡ್ ಹೀಗೆ ಬಿಡುವು ಹೆಚ್ಚಿಸುತ್ತ ಹೋಗಲಿ.

ಇನ್ನು ದೊಡ್ಡ ಸುದ್ದಿಯ ರಾತ್ರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೆಯದು ಕೊಚ್ಚಿಹೋಯಿತು. ಅಂಥ ಹೊತ್ತಿನಲ್ಲಿ ದಿನಕ್ಕೊಮ್ಮೆ ಆ್ಯಪ್ ತೆರೆಯುವವನು ನಿಮಿಷಕ್ಕೆ ಹತ್ತು ಸಲ ಎಳೆದು ರಿಫ್ರೆಶ್ ಮಾಡುತ್ತಾನೆ. ಪ್ರತಿ ಸಲವೂ ಡೇಟಾಬೇಸ್ ತನಕ ಹೋಗುವ ಫೀಡ್ ಬೀಳಲೇಬೇಕು. ಸಿಡಿಎನ್‌ನಲ್ಲಿ 60 ಸೆಕೆಂಡಿನ ಕ್ಯಾಶ್ ಇದ್ದರೆ ಸಾವಿರಾರು ಜನ ಕೇಳಿದರೂ ಸರ್ವರ್‌ಗೆ ಮುಟ್ಟುವುದು ನಿಮಿಷಕ್ಕೆ ಬೆರಳೆಣಿಕೆಯಷ್ಟು. ಆದರೆ ನಿಮ್ಮ ಫೀಡ್ ಎಷ್ಟೇ ಗಟ್ಟಿಯಿರಲಿ, ನದಿಪಾತ್ರದ ಜನ ಅದನ್ನು ನೋಡಿ ಮನೆ ಬಿಡುವುದೋ ಇರುವುದೋ ತೀರ್ಮಾನಿಸಬಾರದು. ಪ್ರವಾಹದ ಮಾತಿಗೆ ಜಿಲ್ಲಾಡಳಿತದ ಎಚ್ಚರಿಕೆಯೇ ಆಧಾರ ಎಂದು ಪುಟದ ಮೇಲೆ ದಪ್ಪ ಅಕ್ಷರದಲ್ಲಿ ಇರಲಿ.

## ಕೈ ಹಚ್ಚಬಾರದ ಕಡೆ

ಎಲ್‌ಇಡಿ ಬೋರ್ಡಿನ ಬೆನ್ನಿನ ಎಸ್‌ಎಂಪಿಎಸ್ (ಕರೆಂಟ್ ಇಳಿಸಿಕೊಡುವ) ಡಬ್ಬಿಯನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಹೊಡೆತ ಉಳಿದಿರುತ್ತದೆ. ಬೋರ್ಡಿನ ಚೌಕಟ್ಟು ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಕೆಟ್ಟಿದೆ, ಮೇನ್ ಆಫ್ ಮಾಡಿ ಲೈಸನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಮಾಳಿಗೆಯ ಆಂಟೆನಾ, ವಿದ್ಯುತ್ ಕಂಬದ ಮೇಲಿನ ವೈರ್ ನಿಮ್ಮ ಕೆಲಸವಲ್ಲ. ಮುಂಗಾರು ಪೂರ್ವದ ಗುಡುಗು ಮಳೆಯ ದಿನಗಳಲ್ಲಿ ಮೋಡ ಕಟ್ಟುವಾಗಲೇ ಪೆಟ್ಟಿಗೆಯ ಕಡೆಯಿಂದ ಆಂಟೆನಾ ಕೇಬಲ್ ಕಿತ್ತಿಡಿ, ಸಿಡಿಲು ಶುರುವಾದ ಮೇಲೆ ಅದರ ಹತ್ತಿರ ಹೋಗಬೇಡಿ. ಇನ್ವರ್ಟರ್ ಬ್ಯಾಟರಿಯ ಬಳಿ ಬೀಡಿ, ಕಡ್ಡಿ ಬೇಡ, ಚಾರ್ಜ್ ಆಗುವಾಗ ಬರುವ ಅನಿಲಕ್ಕೆ ಕಿಡಿ ಸಾಕು.

ಎಪಿಐ ಕೀಲಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದರೆ ಅಳಿಸಿ ಸುಮ್ಮನಾಗಬೇಡಿ, ಹೊಸ ಕೀಲಿ ಮಾಡಿಸಿ. "ಸರ್ವರ್ ಕಂಪನಿಯಿಂದ ಮಾತಾಡ್ತೀವಿ, ಒಂದು ಆ್ಯಪ್ ಹಾಕ್ಕೊಳ್ಳಿ, ಒಟಿಪಿ ಹೇಳಿ" ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ.

ಮೇಲಿನವರಿಗೆ ಫೋನ್ ಮಾಡುವ ಮೊದಲು ಇಷ್ಟು ಬರೆದುಕೊಳ್ಳಿ: ಯಾವ ಊರು, ಯಾವ ಪೆಟ್ಟಿಗೆಯ ಸೀರಿಯಲ್ ನಂಬರ್; ಬೋರ್ಡಿನಲ್ಲಿರುವ ಮೂರು ಸಮಯ; ಹಾಟ್‌ಸ್ಪಾಟ್‌ನಲ್ಲಿ ಬಂತೋ ಇಲ್ಲವೋ; ಪರದೆಯ ಮೇಲಿನ ಎರರ್ ಅಕ್ಷರಕ್ಕೆ ಅಕ್ಷರ, ಸಾಧ್ಯವಾದರೆ ಫೋಟೋ. "ನೆಟ್ ಹೋಗೇತಿ" ಎಂದಷ್ಟೇ ಹೇಳಿದರೆ ಅವರು ಕೇಳುವ ಮೊದಲ ಪ್ರಶ್ನೆಗಳೂ ಇವೇ.